ಮಾವನವರ ಗುಳಿಗಿ ಡಬ್ಬಿ

ನಮ್ಮ ರೋಣದ ಕಡೆ ಹೆಸರಿನ ರಾಶಿ ಶುರುವಾಯಿತೆಂದರೆ ಮನೆಗೆ ಅಲಾರಾಂ ಬೇಡ. ಬೆಳಗಿನ ಐದೂವರೆಗೆ ಮಾವನವರ ಮೊದಲ ಸೀನು ಬೀಳುತ್ತದೆ. ಆಮೇಲೆ ಒಂದರ ಹಿಂದೊಂದು ಹತ್ತು, ಹನ್ನೆರಡು. ಭೀಮಸೇನ ಜೋಶಿಯವರು ಹುಟ್ಟಿದ ಊರಲ್ಲವೇ, ಸೀನು ಕೂಡ ಮೆಲ್ಲಗೆ ಆಲಾಪದಿಂದ ಶುರುವಾಗಿ ತಾನಕ್ಕೆ ಹೋಗುತ್ತದೆ ಎಂದು ನಮ್ಮ ಮನೆಯವರು ನಗುತ್ತಾರೆ. ನಗುವ ಮಾತು ಹೌದು. ಆದರೆ ಹೋದ ವರ್ಷ ಇದೇ ಸೀನಿನಿಂದ ನಮ್ಮ ಮನೆಯಲ್ಲಿ ನಡೆದದ್ದು ನಗುವಂಥದ್ದಾಗಿರಲಿಲ್ಲ. ಮನೆಯಲ್ಲಿ ಹಿರಿಯರಿರುವ ಎಲ್ಲರಿಗೂ ಉಪಯೋಗವಾದೀತು ಅಂತ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ, ಗುಳಿಗೆ ಡಬ್ಬಿ ಕಾಯುವ ಸೊಸೆ ಅಷ್ಟೇ.

ನನ್ನ ತವರು ನರಗುಂದ. ಕೊಟ್ಟ ಮನೆ ರೋಣ. ಅಕ್ಕನನ್ನು ಕೊಟ್ಟದ್ದು ಗಜೇಂದ್ರಗಡಕ್ಕೆ. ಮೂರೂ ಊರಲ್ಲಿ ಮೂವರು ಹಿರಿಯರು, ಮೂವರಿಗೂ ಕೊಲೆಸ್ಟ್ರಾಲ್ ಗುಳಿಗೆ, ಮೂವರಿಗೂ ಒಂದಿಲ್ಲೊಂದು ಧೂಳಿನ ಅಲರ್ಜಿ. ಧೂಳಿಗೇನು ಕಡಿಮೆ? ರಾಶಿಯ ಹೊಟ್ಟು, ಮೆಣಸಿನಕಾಯಿಯ ಘಾಟು, ಹತ್ತಿಯ ಎಳೆ. ಮಳೆ ಬಿದ್ದ ಮೇಲೆ ಬದುವಿನ ತುಂಬ, ರಸ್ತೆಯ ಎರಡೂ ಬದಿ ಬಿಳಿ ಹೂ ಬಿಟ್ಟು ನಿಲ್ಲುವ ಕಾಂಗ್ರೆಸ್ ಕಸ ಬೇರೆ. 1950ರ ದಶಕದಲ್ಲಿ ಪುಣೆಯಲ್ಲಿ ಮೊದಲು ಕಣ್ಣಿಗೆ ಬಿದ್ದ ಈ ಕಸ ಈಗ ಇಲ್ಲದ ಊರಿಲ್ಲ. ಅದರ ಪರಾಗ ಮೂಗಿಗೆ ಹೋದರೆ ಸೀನು, ಎಲೆ ಮೈಗೆ ತಾಗಿದರೆ ತುರಿಕೆ.

ನಮ್ಮ ಮಾವನವರಿಗೆ ಈಗ ಎಪ್ಪತ್ತೊಂದು. ನಾಲ್ಕು ವರ್ಷದ ಹಿಂದೆ ಒಂದು ರಾತ್ರಿ ಎದೆ ಹಿಡಿದುಕೊಂಡು ಕೂತರು. ಪಕ್ಕದ ಮನೆಯವರ ಜೀಪಿನಲ್ಲಿ ಹುಬ್ಬಳ್ಳಿಗೆ ಒಯ್ದೆವು. ದಾರಿಯುದ್ದಕ್ಕೂ ಅತ್ತೆಯವರು ಅವರ ಅಂಗೈ ತಿಕ್ಕುತ್ತಾ ಕೂತಿದ್ದರು, ಒಂದು ಮಾತಿಲ್ಲ. ಸ್ಟೆಂಟ್ ಹಾಕಿದರು. ಬರುವಾಗ ಕೊಟ್ಟ ಚೀಟಿಯಲ್ಲಿ ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್, ಬಿಪಿ ಗುಳಿಗೆ ಮತ್ತು ರಾತ್ರಿ ಒಂದು ಅಟೊರ್ವಾಸ್ಟಾಟಿನ್ 40, ಅಂದರೆ ಕೊಲೆಸ್ಟ್ರಾಲ್ ಗುಳಿಗೆ. "ಇದನ್ನ ನಾವು ಹೇಳೂತನಕ ಬಿಡಬ್ಯಾಡ್ರಿ" ಎಂದು ಡಾಕ್ಟರು ಎರಡು ಸಲ ಹೇಳಿ ಕಳಿಸಿದ್ದರು.

ಹೋದ ವರ್ಷ ಮಾನವಮಿಗೆ ಮನೆ ಸಾರಿಸಿ ತೊಳೆಯುವಾಗ ಮಾವನವರ ಟ್ರಂಕು ಸರಿಸಿದೆ. ಧೋತರದ ಅಡಿ ಹಾಕಿದ್ದ ಹಳೇ ಪೇಪರಿನ ಕೆಳಗೆ ಏನೋ ಗರಗರ ಅಂದಿತು. ತೆಗೆದರೆ ಗುಳಿಗೆಯ ಸ್ಟ್ರಿಪ್ಪುಗಳು. ಐದು ಸ್ಟ್ರಿಪ್, ಅದರಲ್ಲಿ ಎರಡು ಗುಳಿಗೆ ಮಾತ್ರ ಖಾಲಿ. ಎಣಿಸಿದೆ: ನಲವತ್ತೆಂಟು. ಎಲ್ಲಾ ಅದೇ ಕೊಲೆಸ್ಟ್ರಾಲ್ ಗುಳಿಗೆ. ನನ್ನ ಕೈ ನಡುಗಿತು. ಪ್ರತಿ ರಾತ್ರಿ "ಮಾವಾರ, ಗುಳಿಗಿ ತಗೊಂಡ್ರಿ?" ಅಂತ ನಾನು ಕೇಳುವುದು, "ಹೂಂನವಾ" ಅಂತ ಅವರು ಅನ್ನುವುದು ತಪ್ಪಿರಲಿಲ್ಲ.

ಸಂಜೆ ಹೊಲದಿಂದ ಬಂದ ಮೇಲೆ ಸ್ಟ್ರಿಪ್ಪುಗಳನ್ನು ಅವರ ಮುಂದೆ ಇಟ್ಟೆ. ಬೈಯಬೇಕು ಅಂದುಕೊಂಡಿದ್ದೆ, ಬಾಯಿ ಬರಲಿಲ್ಲ. ಅವರು ಸ್ವಲ್ಪ ಹೊತ್ತು ನೆಲ ನೋಡಿದರು.

"ಸಿಟ್ಟಾಗಬ್ಯಾಡ ಯವ್ವಾ. ಕಟ್ಟಿ ಮ್ಯಾಲೆ ಮಂದಿ ಹೇಳಿದ್ರು. ಕೊಲೆಸ್ಟ್ರಾಲ್ ಗುಳಿಗಿ, ಅಲರ್ಜಿ ಗುಳಿಗಿ ಎರಡೂ ಉಷ್ಣ ಅಂತ, ಕೂಡಿದ್ರ ಲಿವರ್ ಸುಡತೈತಿ ಅಂತ. ಸೀನು ತಡಕೊಳ್ಳಾಕ ಆಗೂದಿಲ್ಲ ನನಗ. ಅದಕ್ಕ ರಾಶಿ ಮುಗ್ಯೂತನಕ ಇದನ್ನ ಬಿಟ್ಟೆ."

"ನಮ್ಮನ್ನ ಒಂದ್ ಮಾತು ಕೇಳಬೇಕಿತ್ತಲ್ರಿ?"

"ಕೇಳಿದ್ರ ನೀವು ಅಲರ್ಜಿ ಗುಳಿಗಿ ಕಸ್ಕೋತಿದ್ರಿ."

ಆ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ. ಅವರ ಲೆಕ್ಕ ಅವರಿಗೆ ಸರಿಯೇ. ಅಲರ್ಜಿ ಗುಳಿಗೆ ನುಂಗಿದ ತಾಸಿನಲ್ಲಿ ಸೀನು ನಿಲ್ಲುವುದು ಕಾಣುತ್ತದೆ. ಕೊಲೆಸ್ಟ್ರಾಲ್ ಗುಳಿಗೆ ನುಂಗಿದರೂ ಏನೂ ಕಾಣುವುದಿಲ್ಲ, ಬಿಟ್ಟರೂ ಕಾಣುವುದಿಲ್ಲ. ಕಾಣುವ ದಿನ ಮತ್ತೆ ಎದೆ ಹಿಡಿದುಕೊಂಡು ಕೂರುವ ದಿನವೇ ಆಗಿರಬಹುದು. ಎರಡರಲ್ಲಿ ಒಂದು ಬಿಡಬೇಕು ಎಂದರೆ ಯಾರಾದರೂ ಬಿಡುವುದು ಯಾವುದನ್ನು? ಆದರೆ ಒಂದನ್ನು ಬಿಡಲೇಬೇಕು ಎಂದು ಹೇಳಿದವರು ಯಾರು? ಕಟ್ಟೆಯ ಮಂದಿ.

ಮರುದಿನವೇ ಗದಗಿಗೆ ಕರಕೊಂಡು ಹೋದೆವು. ರಕ್ತ ತೆಗೆದು ನೋಡಿದರೆ ಕೆಟ್ಟ ಕೊಲೆಸ್ಟ್ರಾಲ್, ಅದೇ ಎಲ್‌ಡಿಎಲ್, 138. ಆರು ತಿಂಗಳ ಹಿಂದೆ 66 ಇತ್ತು. ಸ್ಟೆಂಟ್ ಹಾಕಿಸಿಕೊಂಡವರಿಗೆ 70ರ ಕೆಳಗೇ ಇರಬೇಕು, ಗುಳಿಗೆ ಬಿಟ್ಟರೆ ಕೆಲವೇ ವಾರಗಳಲ್ಲಿ ಮೊದಲಿನ ಮಟ್ಟಕ್ಕೆ ಏರುತ್ತದೆ ಎಂದರು ಡಾಕ್ಟರು. ಸ್ಟ್ಯಾಟಿನ್ ಜಾತಿಯ ಈ ಗುಳಿಗೆ ಕೊಲೆಸ್ಟ್ರಾಲ್ ಇಳಿಸುವುದಲ್ಲದೆ ರಕ್ತನಾಳದ ಒಳಗೆ ಕೂತ ಕೊಬ್ಬಿನ ಗಂಟು ಒಡೆಯದಂತೆಯೂ ನೋಡಿಕೊಳ್ಳುತ್ತದೆ. ಹಾಗಾಗಿ ತಾವೇ ಬಿಡುವವರಿಗೆ ಮತ್ತೆ ಹೃದಯಾಘಾತದ ಭಯ ಹೆಚ್ಚು.

ಮಾವನವರು ತಲೆ ತಗ್ಗಿಸಿ ಕೇಳಿದರು: "ಹಂಗಾದ್ರ ಸೀನಿನ ಗುಳಿಗಿ ಬಿಡ್ಲೇನ್ರಿ ಸಾಹೇಬ್ರ?"

"ಯಾವುದೂ ಬಿಡಬ್ಯಾಡ್ರಿ ಹಿರ್ಯಾರ. ಎರಡೂ ತಗೋರಿ." ಡಾಕ್ಟರು ನಕ್ಕರು. "ರೋಣದ ಬಸ್ ಸ್ಟ್ಯಾಂಡಿನಾಗ ಒಂದು ಬಸ್ ನರಗುಂದಕ್ಕ ಹೊಂಟೈತಿ, ಒಂದು ಗಜೇಂದ್ರಗಡಕ್ಕ. ಒಂದು ಪಡುವಣಕ್ಕ, ಒಂದು ಮೂಡಣಕ್ಕ. ಎರಡೂ ಒಂದಕ್ಕೊಂದು ಹಾಯತಾವೇನು?"

"ಹೆಂಗ ಹಾಯತಾವ್ರಿ."

"ಇದೂ ಹಂಗ."

ಆಮೇಲೆ ನನಗೆ ಬಿಡಿಸಿ ಹೇಳಿದರು. ಮಾವನವರು ತೆಗೆದುಕೊಳ್ಳುವ ಸೆಟ್ರಿಜಿನ್ ಹೆಚ್ಚಾಗಿ ಹಾಗೇ ಕಿಡ್ನಿಯ ದಾರಿ ಹಿಡಿದು ಮೂತ್ರದಲ್ಲಿ ಹೊರಬೀಳುತ್ತದೆ. ಅದರ ತಮ್ಮ ಲೆವೊಸೆಟ್ರಿಜಿನ್ ಕೂಡ ಹಾಗೆ. ಫೆಕ್ಸೊಫೆನಡಿನ್ ಹೆಚ್ಚಿನ ಪಾಲು ಹೊಟ್ಟೆಯ ದಾರಿಯಲ್ಲೇ ಹೋಗುತ್ತದೆ. ಅಟೊರ್ವಾಸ್ಟಾಟಿನ್ ಕರಗುವುದು ಲಿವರಿನಲ್ಲಿ. ದಾರಿ ಬೇರೆ ಬೇರೆ, ಹಾಗಾಗಿ ಜಗಳವಿಲ್ಲ. ಆದರೆ ಕಿಡ್ನಿ ದುರ್ಬಲ ಇದ್ದವರಿಗೆ ಸೆಟ್ರಿಜಿನ್ ಪ್ರಮಾಣ ಕಡಿಮೆ ಮಾಡಬೇಕಾಗುತ್ತದೆ ಎಂದು ಮಾವನವರ ಕ್ರಿಯಾಟಿನಿನ್ ಕೂಡ ಪರೀಕ್ಷೆ ಮಾಡಿಸಿದರು. ಸರಿಯಿತ್ತು. ಇವತ್ತು ರಾತ್ರಿಯಿಂದಲೇ ಮತ್ತೆ ಶುರು ಮಾಡಿ, ಬಿಟ್ಟುಹೋದದ್ದನ್ನೆಲ್ಲ ಸೇರಿಸಿ ಎರಡೆರಡು ನುಂಗಬೇಡಿ ಎಂದೂ ಹೇಳಿದರು.

ಹೊರಡುವಾಗ ನಾನು ಕೇಳಿದೆ, "ಹಂಗಾದ್ರ ನಮ್ಮ ಭಾವನವರಿಗೆ ಯಾಕ್ ಹಂಗಾತ್ರಿ?" ಡಾಕ್ಟರು ಮತ್ತೆ ಕುರ್ಚಿ ಎಳೆದುಕೊಂಡರು.

ಭಾವನವರ ಕಥೆ ಹೇಳಬೇಕು. ಗಜೇಂದ್ರಗಡದಲ್ಲಿ ಅವರದು ಕೈಮಗ್ಗದ ಮನೆ. ನೂಲಿನ ಎಳೆಗೆ ಮೂಗು ಕಟ್ಟುವುದು ಮೊದಲಿನಿಂದಲೂ ಇದೆ, ಸೆಟ್ರಿಜಿನ್ ನುಂಗುತ್ತಾರೆ. ರಾತ್ರಿ ಅಟೊರ್ವಾಸ್ಟಾಟಿನ್. ವರ್ಷಗಟ್ಟಲೆ ಎರಡೂ ನಡೆದಿದ್ದವು. ಎರಡು ವರ್ಷದ ಹಿಂದೆ ಚಳಿಗಾಲದಲ್ಲಿ ಕೆಮ್ಮು, ಜ್ವರ ಬಂತು. ಬೇರೆ ಕಡೆ ತೋರಿಸಿದರು. ಅವರು ಆಂಟಿಬಯೋಟಿಕ್ ಬರೆದುಕೊಟ್ಟರು. ಇವರು ತಾವು ಏನೇನು ನುಂಗುತ್ತೇವೆ ಎಂದು ಹೇಳಲಿಲ್ಲ, ಅವರು ಕೇಳಲೂ ಇಲ್ಲ. ನಾಲ್ಕೈದು ದಿನಕ್ಕೆ ತೊಡೆ, ಮೀನಗಂಡ ಎಲ್ಲಾ ಹಿಂಡಿದಂತೆ ನೋವು. ಮಗ್ಗ ತುಳಿದು ಹಾಗಾಯಿತು ಎಂದು ಅಕ್ಕ ಬಿಸಿನೀರು ಹಾಕಿದಳು. ಕಡೆಗೆ ಮೂತ್ರ ಹಾಲಿಲ್ಲದ ಚಹಾದ ಬಣ್ಣಕ್ಕೆ ತಿರುಗಿದಾಗ ಹೆದರಿ ದೊಡ್ಡ ಆಸ್ಪತ್ರೆಗೆ ಓಡಿದರು. ಸ್ನಾಯು ಸವೆದು ಅದರ ಅಂಶ ರಕ್ತಕ್ಕೆ ಸೇರಿತ್ತು. ಸಲಾಯನ್ ಹಚ್ಚಿ ಐದು ದಿನ ಇಟ್ಟುಕೊಂಡರು. ದೇವರ ದಯೆ, ಕಿಡ್ನಿ ಉಳಿಯಿತು. ಆದರೆ ಮನೆಯವರ ಬಾಯಲ್ಲಿ ಉಳಿದದ್ದು ಒಂದೇ ಮಾತು: "ಅಲರ್ಜಿ ಗುಳಿಗಿ ಮತ್ತ ಕೊಲೆಸ್ಟ್ರಾಲ್ ಗುಳಿಗಿ ಕೂಡಿ ಹಂಗ ಮಾಡಿದ್ವು." ಅದೇ ಮಾತು ಊರಿಂದೂರಿಗೆ ಸಾಗಿ ನಮ್ಮೂರ ಕಟ್ಟೆಗೂ ಬಂದಿರಬೇಕು, ಯಾರಿಗೆ ಗೊತ್ತು!

ಅಕ್ಕ ಫೋನಿನಲ್ಲಿ ಕಳಿಸಿದ್ದ ಹಳೇ ಚೀಟಿಯ ಫೋಟೊ ನನ್ನ ಹತ್ತಿರ ಇತ್ತು. ಡಾಕ್ಟರು ಅದನ್ನು ದೊಡ್ಡದು ಮಾಡಿ ನೋಡಿ ಒಂದು ಹೆಸರಿನ ಮೇಲೆ ಬೆರಳಿಟ್ಟರು: ಕ್ಲಾರಿಥ್ರೊಮೈಸಿನ್. ಅಟೊರ್ವಾಸ್ಟಾಟಿನ್ ಕರಗಿಸುವ ಲಿವರಿನ ಕಿಣ್ವವನ್ನು ಈ ಆಂಟಿಬಯೋಟಿಕ್ ತಡೆದು ನಿಲ್ಲಿಸುತ್ತದೆ. ಕರಗಬೇಕಾದ ಗುಳಿಗೆ ಕರಗದೆ ರಕ್ತದಲ್ಲಿ ಏರುತ್ತಾ ಹೋಗುತ್ತದೆ, ಸ್ನಾಯುವಿಗೆ ಹೊಡೆತ ಬೀಳುತ್ತದೆ.

"ನಿಮ್ಮ ಕಡೆ ರಸ್ತಾದ ಮ್ಯಾಲೆ ರಾಶಿ ಹಾಕ್ತಾರಲ್ರಿ, ಹಂಗ ಇದು" ಎಂದರು. "ಗಜೇಂದ್ರಗಡದ ಬಸ್ಸಿಗೆ ನರಗುಂದದ ಬಸ್ ಅಡ್ಡ ಬಂದಿಲ್ಲ. ಮೂರನೇಯವ ಬಂದು ರಸ್ತಾ ತುಂಬ ರಾಶಿ ಹಾಕ್ಯಾನ."

ರಾಶಿ ಹಾಕುವ ಆ ಮೂರನೆಯವರ ಪಟ್ಟಿ ಬರೆದುಕೊಂಡು ಬಂದೆ. ಆಂಟಿಬಯೋಟಿಕ್ಕಿನಲ್ಲಿ ಕ್ಲಾರಿಥ್ರೊಮೈಸಿನ್, ಎರಿಥ್ರೊಮೈಸಿನ್. ಗಜಕರ್ಣಕ್ಕೆ ಕೊಡುವ ಇಟ್ರಾಕೊನಜೋಲ್, ಕೀಟೊಕೊನಜೋಲ್. ನಮ್ಮ ಕಡೆ ಇದು ಮುಖ್ಯ, ಯಾಕೆಂದರೆ ಮೈ ತುರಿಸಿದರೆ ಕಾಂಗ್ರೆಸ್ ಕಸದ ಅಲರ್ಜಿಯೋ, ಗಜಕರ್ಣವೋ ನೋಡದೆ "ಕಡತದ ಗುಳಿಗಿ ಕೊಡ್ರಿ" ಅಂತ ಕೇಳುವುದು ರೂಢಿ. ಒಂದು ತುರಿಕೆಗೆ ಸೆಟ್ರಿಜಿನ್, ಇನ್ನೊಂದಕ್ಕೆ ಇಟ್ರಾಕೊನಜೋಲ್. ಹೆಸರು ತುರಿಕೆ ಗುಳಿಗೆಯೇ, ಆದರೆ ಅಟೊರ್ವಾಸ್ಟಾಟಿನ್ ಅಥವಾ ಸಿಮ್ವಾಸ್ಟಾಟಿನ್ ನುಂಗುವವರಿಗೆ ಮೊದಲನೆಯದು ಪಾಪದ್ದು, ಎರಡನೆಯದು ಅಪಾಯದ್ದು. ಅಂಥದ್ದು ಬೇಕೇ ಆದರೆ ಡಾಕ್ಟರು ಬೇರೆ ಔಷಧ ಕೊಡುತ್ತಾರೆ, ಇಲ್ಲವೆ ಅಷ್ಟು ದಿನ ಸ್ಟ್ಯಾಟಿನ್ ನಿಲ್ಲಿಸಲು ಹೇಳುತ್ತಾರೆ. ಅದನ್ನು ನಿರ್ಧರಿಸಬೇಕಾದವರು ಅವರು, ಕಟ್ಟೆಯವರಲ್ಲ. ಸ್ಟ್ಯಾಟಿನ್ ನುಂಗುವವರಿಗೆ ಕಾರಣವಿಲ್ಲದೆ ಮೈಕೈ ಸ್ನಾಯು ನೋವು, ನಿತ್ರಾಣ, ಮೂತ್ರ ಕಪ್ಪಾಗುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು ಎಂಬುದನ್ನೂ ಕೆಂಪು ಪೆನ್ನಿನಲ್ಲಿ ಬರೆದುಕೊಂಡೆ.

ಇನ್ನು ತವರಿನ ಕಥೆ. ನರಗುಂದದಲ್ಲಿ ನಮ್ಮಪ್ಪನಿಗೆ ಬಿಪಿ ಇದೆ, ಪ್ರಾಸ್ಟೇಟ್ ಊತದಿಂದ ಮೂತ್ರದ ತೊಂದರೆಯೂ ಇದೆ. ಅವರದು ರೋಸುವಾಸ್ಟಾಟಿನ್. ಮಾವನವರ ವಿಷಯ ಆದ ಎರಡೇ ತಿಂಗಳಿಗೆ, ಚಳಿಗೆ ಮೂಗು ಸೋರುತ್ತದೆ ಎಂದು ಅಪ್ಪ ಒಂದು ಅಂಗಡಿಯಿಂದ ಕಾಗದದ ಪುಡಿಕೆಯಲ್ಲಿ ಬಿಡಿ ಗುಳಿಗೆ ಕಟ್ಟಿಸಿಕೊಂಡು ಬಂದರು. ದಿನಕ್ಕೆ ಮೂರು ಹೊತ್ತು. ಎರಡನೇ ದಿನ ಮಧ್ಯಾಹ್ನ ಊಟದ ತಾಟಿನ ಮುಂದೆಯೇ ತೂಕಡಿಸಿದರು. ರಾತ್ರಿ ಮೂತ್ರ ಕಟ್ಟಿತು. ಹೊಟ್ಟೆ ಕಲ್ಲಿನಂತಾಗಿ ಅಪ್ಪ ಒದ್ದಾಡುತ್ತಿದ್ದರೆ ಅವ್ವ ಫೋನಿನಲ್ಲಿ ಅಳುತ್ತಿದ್ದಳು: "ಕೊಲೆಸ್ಟ್ರಾಲ್ ಗುಳಿಗಿ ಕೂಡ ಹೊಂದಲಿಲ್ಲವಾ, ನಾ ಅದನ್ನ ಒಗದೇ ಬಿಡ್ತೀನಿ!"

"ಯವ್ವಾ, ಒಗೀಬ್ಯಾಡ. ಪುಡಿಕಿ ತಗೊಂಡು ದವಾಖಾನಿಗೆ ನಡೀರಿ ಮೊದಲ" ಅಂದೆ. ಅಷ್ಟೊತ್ತಿಗೆ ನನಗೆ ಸ್ವಲ್ಪ ಬುದ್ಧಿ ಬಂದಿತ್ತು. ನಳಿಕೆ ಹಾಕಿ ಮೂತ್ರ ತೆಗೆದರು. ಅಂಗಡಿಯವರನ್ನು ಕೇಳಿ ತಿಳಿದಾಗ ಆ ಗುಳಿಗೆಯಲ್ಲಿ ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಎರಡೂ ಇದ್ದವು. ಮೊದಲನೆಯದು ಹಳೇ ಕಾಲದ ಅಲರ್ಜಿ ಔಷಧ. ನಿದ್ದೆ ತರುತ್ತದೆ, ಬಾಯಿ ಒಣಗಿಸುತ್ತದೆ, ಪ್ರಾಸ್ಟೇಟ್ ಇದ್ದವರಿಗೆ ಮೂತ್ರ ಕಟ್ಟಿಸಬಹುದು. ಎರಡನೆಯದು ಕಟ್ಟಿದ ಮೂಗು ಬಿಡಿಸಲೆಂದು ಕೊಡುವಂಥದ್ದು, ಆದರೆ ಬಿಪಿ ಏರಿಸಬಹುದು, ಮೂತ್ರಕ್ಕೂ ಅಡ್ಡಿ. ಇಲ್ಲಿಯೂ ಪಾಪದ ಕೊಲೆಸ್ಟ್ರಾಲ್ ಗುಳಿಗೆಯ ಮೇಲೆ ಸುಮ್ಮನೆ ಅಪವಾದ.

ಕೆಲವು ಪುಡಿಕೆಗಳಲ್ಲಿ ಸ್ಟಿರಾಯ್ಡ್ ಗುಳಿಗೆಯೂ ಸೇರಿರುತ್ತದೆ, ಅದಕ್ಕೇ ಒಂದೇ ದಿನಕ್ಕೆ ಸೀನು, ತುರಿಕೆ ಎಲ್ಲಾ ಮಾಯ. ತಿಂಗಳುಗಟ್ಟಲೆ ಹಾಗೆ ನುಂಗಿದರೆ ಸಕ್ಕರೆ, ಬಿಪಿ ಏರುತ್ತವೆ, ಎಲುಬು ಸವೆಯುತ್ತವೆ. ಹೃದಯದವರಿಗೆ ಇದು ಬೇಡವೇ ಬೇಡ. "ಅವರ ಗುಳಿಗಿ ಭಾಳ ಪವರ್" ಎಂದು ಹೊಗಳುವ ಮೊದಲು ಆ ಪವರ್ ಯಾವುದು ಎಂದು ಕೇಳಬೇಕು.

ಹಾಗಂತ ಕಟ್ಟೆಯವರ ಭಯ ಪೂರ್ತಿ ಹುಸಿಯೂ ಅಲ್ಲ ಎಂದು ಗದಗಿನ ಡಾಕ್ಟರು ಒಂದು ವಿಷಯ ಹೇಳಿದ್ದರು. ಹಿಂದೆ ಟರ್ಫೆನಡಿನ್ ಎಂಬ ಅಲರ್ಜಿ ಗುಳಿಗೆ ಇತ್ತು. ಜಗತ್ತಿನ ತುಂಬ ನುಂಗುತ್ತಿದ್ದರು. ಎರಿಥ್ರೊಮೈಸಿನ್, ಕೀಟೊಕೊನಜೋಲ್ ಜೊತೆ ಸೇರಿದರೆ ಅದು ರಕ್ತದಲ್ಲಿ ಏರಿ ಹೃದಯದ ಬಡಿತವನ್ನೇ ತಾಳ ತಪ್ಪಿಸುತ್ತಿತ್ತು. ಸಾವುಗಳೂ ಆದವು. 1998ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಅದನ್ನು ತೆಗೆದರು. ಅದೇ ಟರ್ಫೆನಡಿನ್ ನಮ್ಮ ದೇಹದಲ್ಲಿ ಬದಲಾಗಿ ಆಗುವ ಔಷಧವೇ ಫೆಕ್ಸೊಫೆನಡಿನ್. ಕೆಲಸ ಮಾಡುತ್ತದೆ, ಹೃದಯಕ್ಕೆ ಆ ತೊಂದರೆ ಕೊಡುವುದಿಲ್ಲ. ಅಂದರೆ ಭಯ ಹುಟ್ಟಿದ್ದು ಒಂದು ಗುಳಿಗೆಯಿಂದ, ಅಂಟಿಕೊಂಡದ್ದು ಎಲ್ಲಾ ಗುಳಿಗೆಗೆ. ಅದಕ್ಕೇ "ಅಲರ್ಜಿ ಗುಳಿಗೆ" ಎಂದರೆ ಸಾಲದು, ಯಾವ ಅಲರ್ಜಿ ಗುಳಿಗೆ ಎಂದು ಹೆಸರು ಕೇಳಬೇಕು.

ಇಷ್ಟೆಲ್ಲಾ ಆದ ಮೇಲೆ ನಮ್ಮ ಮೂರೂ ಮನೆಯಲ್ಲಿ ಒಂದಷ್ಟು ಪದ್ಧತಿ ಮಾಡಿಕೊಂಡಿದ್ದೇವೆ.

ಮಾವನವರ ಗುಳಿಗೆ ಈಗ ಟ್ರಂಕಿನಲ್ಲಿಲ್ಲ, ಚಹಾಪುಡಿಯ ಡಬ್ಬಿಯ ಪಕ್ಕದಲ್ಲಿ ಸ್ಟೀಲ್ ಡಬ್ಬಿಯಲ್ಲಿದೆ. ವಾರಕ್ಕೊಮ್ಮೆ ಸ್ಟ್ರಿಪ್ ಎಣಿಸುತ್ತೇನೆ. ಅವರಿಗೆ ಮೊದಲು ಸಿಟ್ಟು ಬರುತ್ತಿತ್ತು, ಈಗ ತಾವೇ ಎಣಿಸಿ ಲೆಕ್ಕ ಒಪ್ಪಿಸುತ್ತಾರೆ. ಅಟೊರ್ವಾಸ್ಟಾಟಿನ್, ರೋಸುವಾಸ್ಟಾಟಿನ್ ದಿನದ ಯಾವ ಹೊತ್ತಿಗಾದರೂ ನುಂಗಬಹುದು, ಹೊತ್ತು ಒಂದೇ ಇರಲಿ ಎಂದರು ಡಾಕ್ಟರು. ನಾವು ರಾತ್ರಿ ಊಟದ ನಂತರ ಎಂದು ಗಟ್ಟಿ ಮಾಡಿಕೊಂಡೆವು. ಸೆಟ್ರಿಜಿನ್ ಕೂಡ ಆಗಲೇ, ಯಾಕೆಂದರೆ ಅದೂ ಕೆಲವರಿಗೆ ಮಂಪರು ತರುತ್ತದೆ. ಹಗಲು ನುಂಗಿ ರಾಶಿ ಮಷಿನ್ ಹತ್ತಿರ ನಿಲ್ಲುವುದು, ಟ್ರ್ಯಾಕ್ಟರ್ ಹೊಡೆಯುವುದು ಬೇಡ. ಕುಡಿತವಂತೂ ಅದರ ಜೊತೆ ಕೂಡದು.

ಗುಳಿಗೆಗೆ ನೀರೇ ಸರಿ. ಫೆಕ್ಸೊಫೆನಡಿನ್ ನುಂಗುವವರು ಕಿತ್ತಳೆ, ಸೇಬಿನ ರಸದ ಜೊತೆ ನುಂಗಿದರೆ ಔಷಧ ಅರ್ಧಂಬರ್ಧ ಮಾತ್ರ ಮೈಗೆ ಹತ್ತುತ್ತದೆ. ಎದೆ ಉರಿಗೆ ಕುಡಿಯುವ ಆಸಿಡಿಟಿ ಟಾನಿಕ್ ಕೂಡ ಹಾಗೆ, ಅದು ಫೆಕ್ಸೊಫೆನಡಿನ್ನನ್ನೂ ಅಪ್ಪನ ರೋಸುವಾಸ್ಟಾಟಿನ್ನನ್ನೂ ಮೈಗೆ ಹತ್ತಗೊಡುವುದಿಲ್ಲ. ಅದಕ್ಕೆ ಅಪ್ಪ ಮೊದಲು ಗುಳಿಗೆ ನುಂಗಿ, ಎರಡು ತಾಸಿನ ನಂತರ ಟಾನಿಕ್ ಕುಡಿಯುತ್ತಾರೆ.

ಬಿಡಿ ಗುಳಿಗೆಯ ಪುಡಿಕೆಗೆ ನಮ್ಮ ಮನೆಯ ಹೊಸ್ತಿಲು ಬಂದ್. ಸ್ಟ್ರಿಪ್ ಮೇಲೆ ಕಂಪನಿ ಇಟ್ಟ ದೊಡ್ಡ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ಒಳಗಿನ ಔಷಧದ ಹೆಸರಿರುತ್ತದೆ, ಅದನ್ನು ನೋಡಿ ಬರೆದಿಟ್ಟುಕೊಳ್ಳುತ್ತೇವೆ. ಜನೌಷಧಿ ಕೇಂದ್ರಕ್ಕೆ ಹೋದರೆ ಆ ಹೆಸರಿನಿಂದಲೇ ಕೇಳಬೇಕು, ದುಡ್ಡೂ ಉಳಿಯುತ್ತದೆ. ಮೂವರೂ ಹಿರಿಯರ ಎಲ್ಲಾ ಸ್ಟ್ರಿಪ್ಪುಗಳ ಫೋಟೊ ಅಕ್ಕನ ಫೋನಿನಲ್ಲಿ, ನನ್ನ ಫೋನಿನಲ್ಲಿ ಇವೆ. ಫೋನ್ ಬಳಸಲು ಬಾರದ ಅವ್ವ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಎಲ್ಲಾ ಗುಳಿಗೆ ಹಾಕಿ ಗೂಟಕ್ಕೆ ತೂಗುಹಾಕಿದ್ದಾಳೆ. ಎಲ್ಲಿಗೆ ತೋರಿಸಲು ಹೋದರೂ ಚೀಲವೇ ಜೊತೆಗೆ. ಡಾಕ್ಟರು ಕೇಳದಿದ್ದರೂ ಮೇಜಿನ ಮೇಲೆ ಸುರಿಯುವುದು. ನನ್ನನ್ನು ಕೇಳಿದರೆ ಫೋನಿಗಿಂತ ಅವ್ವನ ಚೀಲವೇ ಮೇಲು.

ಯಾವ ಔಷಧದಿಂದಾದರೂ ತೊಂದರೆಯಾಯಿತು ಅನಿಸಿದರೆ ತಿಳಿಸಲು ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿಯಿದೆ: 1800-180-3024. ಬರೆದಿಟ್ಟುಕೊಳ್ಳಿ. ತುರ್ತು ಇದ್ದಾಗ ಮಾತ್ರ ಮೊದಲು ಆಸ್ಪತ್ರೆ, ಆಮೇಲೆ ಫೋನು.

ಗುಳಿಗೆಗಿಂತ ಮೊದಲಿನ ಮದ್ದೂ ಇದೆ. ಈ ವರ್ಷ ಮಳೆಗಾಲದಲ್ಲಿ ಕಾಂಗ್ರೆಸ್ ಕಸ ಹೂ ಬಿಡುವ ಮೊದಲೇ ಬದು, ಹಿತ್ತಲು ಕಿತ್ತು ಸ್ವಚ್ಛ ಮಾಡಿದೆವು. ಕೈಗೆ ಚೀಲ ಸುತ್ತಿಕೊಂಡು, ಮೈತುಂಬ ಬಟ್ಟೆ ಹಾಕಿಕೊಂಡು ಕೀಳಬೇಕು, ಬರಿಗೈಯಲ್ಲಿ ಮುಟ್ಟಿದರೆ ತುರಿಕೆ ಕಟ್ಟಿಟ್ಟ ಬುತ್ತಿ. ಅಲರ್ಜಿ ಇರುವವರಿಗೆ ಆ ಕೆಲಸ ಹಚ್ಚಲೇಬಾರದು. ರಾಶಿಗೆ ಹೋಗುವಾಗ ಮಾವನವರು ಮಾಸ್ಕ್ ಹಾಕಿ ಅದರ ಮೇಲೆ ಟವೆಲ್ ಕಟ್ಟುತ್ತಾರೆ. ಬಂದ ಕೂಡಲೇ ಜಳಕ, ಹೊಲದ ಬಟ್ಟೆ ಹೊರಗೇ. ಸೀನು ಪೂರ್ತಿ ನಿಂತಿಲ್ಲ, ಹನ್ನೆರಡಿದ್ದದ್ದು ನಾಲ್ಕಕ್ಕೆ ಇಳಿದಿದೆ.

ಮೂರು ತಿಂಗಳ ನಂತರ ನೋಡಿದಾಗ ಎಲ್‌ಡಿಎಲ್ 64ಕ್ಕೆ ಬಂದಿತ್ತು. ಕಾಣದ ಗುಳಿಗೆ ಮಾಡುವ ಕೆಲಸವನ್ನು ಮಾವನವರು ಆ ಕಾಗದದಲ್ಲಿ ಮೊದಲ ಸಲ ಕಣ್ಣಾರೆ ಕಂಡರು. ಆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡು ಕಟ್ಟೆಗೆ ಹೋದರು. ಯಾರಿಗೆ ಏನು ಹೇಳಿದರೋ ಗೊತ್ತಿಲ್ಲ. ಮರುದಿನ ಬೆಳಿಗ್ಗೆ ಓಣಿಯ ಹಿರಿಯರೊಬ್ಬರು ಕೈಯಲ್ಲಿ ಪುಡಿಕೆ ಹಿಡಿದುಕೊಂಡು ನಮ್ಮ ಬಾಗಿಲಲ್ಲಿ ನಿಂತಿದ್ದರು.

"ಇದರಾಗ ಏನೈತಿ ಅಂತ ನಿನ್ನ ಸೊಸಿಗೆ ತೋರ್ಸು ಅಂದ, ನಿಮ್ಮ ಮಾವ" ಎಂದರು.

"ಕಾಕಾರ, ಇದು ನನಗೂ ತಿಳಿಯೂದಿಲ್ಲ" ಎಂದೆ. "ಹೆಸರಿಲ್ಲದ ಗುಳಿಗಿ ಯಾರಿಗೂ ತಿಳಿಯೂದಿಲ್ಲ. ನಿಮ್ಮ ಉಳಿದ ಗುಳಿಗಿ ಎಲ್ಲಾ ಒಂದು ಚೀಲದಾಗ ಹಾಕ್ರಿ, ನಾಳೆ ನಮ್ಮ ಜೋಡಿ ಗದಗಿಗೆ ಬರ್ರಿ."

ಒಳಗಿನಿಂದ ಮಾವನವರ ಸೀನು ಕೇಳಿಸಿತು. ಒಂದೇ ಒಂದು.